ಲುವೀನಾಳ ಅಳತೆ

ಚಾಪ್ಟ್ಯಾಂಕ್ ನದಿದಂಡೆ, ಮೇರಿಲ್ಯಾಂಡ್
ಎರಡನೇ ತಿಂಗಳ 9ನೇ ದಿನ, 1841

ಪ್ರೀತಿಯ ಅಪ್ಪನಿಗೆ,

ನೀನು ಕಳಿಸಿದ ಜೋಳದ ಹಿಟ್ಟು ಬಂತು. ಮೂಟೆಯ ಒಂದು ಮೂಲೆಯನ್ನು ಇಲಿ ರುಚಿ ನೋಡಿದೆ. ಅದು ಹಡಗಿನ ಇಲಿ, ನಮ್ಮ ಗಿರಣಿಯದಲ್ಲ ಎಂದು ನಂಬಿದ್ದೇನೆ. ನಮ್ಮ ಗಿರಣಿಯ ಇಲಿಗಳಿಗೆ ಅತ್ತೆಯ ಭಯವಾದರೂ ಇದೆ.

ಶಾಲೆ ನಡೆಯುತ್ತಿದೆ. ಹಾಯಿ ಹೊಲಿಯುವವನ ಅಟ್ಟದಲ್ಲಿ ಬೆಂಚುಗಳು ಸಾಲುವುದಿಲ್ಲ, ಚಿಕ್ಕವರು ಹಾಯಿಬಟ್ಟೆಯ ಸುರುಳಿಗಳ ಮೇಲೆ ಕೂರುತ್ತಾರೆ, ಉರುಳಿ ಬೀಳುತ್ತಾರೆ, ಮತ್ತೆ ಹತ್ತುತ್ತಾರೆ. ಮೊದಲ ದಿನ, ಇಲ್ಲಿಯವರ ಬಾಯಲ್ಲಿ ಭಾನುವಾರ, ಮೌನಸಭೆ ಮುಗಿಸಿ ನಾನು ದೊಡ್ಡವರಿಗೂ ಪಾಠ ಹೇಳುತ್ತೇನೆ. ಅವರೆಲ್ಲ ಬಿಡುಗಡೆ ಹೊಂದಿದ ಕಪ್ಪು ಜನ, ದೋಣಿಯವರು, ಕಮ್ಮಾರರು. ಅವರಲ್ಲಿ ಶಾಡ್ರಕ್ ಎಂಬವನೊಬ್ಬ ನದಿಯ ತಳದಿಂದ ಸಿಂಪಿಚಿಪ್ಪು ಬಾಚುವವನು, ಹೆಗಲು ಬಾಗಿಲಿನಷ್ಟು ಅಗಲ. ಸೀಸದ ಕಡ್ಡಿಯನ್ನು ಹುಟ್ಟು ಹಿಡಿದ ಹಾಗೆ ಹಿಡಿಯುತ್ತಾನೆ. 'ಎಲ್ಲರಿಗೂ ನೀನು ಅನ್ನುವುದು ನಮ್ಮ ಪದ್ಧತಿ, ನೀನೂ ನನಗೆ ಹಾಗೇ ಅನ್ನು' ಎಂದು ಹೇಳಿದ್ದೆ. 'ಬೀದೀಲಿ ಆಗಲ್ಲ ಮೇಷ್ಟ್ರಮ್ಮ, ಹೊಡೀತಾರೆ. ಇಲ್ಲಿ ಅಟ್ಟದ ಮೇಲೆ ಬೇಕಾದ್ರೆ ಅಂತೀನಿ' ಎಂದ. ಅಂದಿನಿಂದ ಏಣಿ ಹತ್ತಿದ ಮೇಲೆ ನಾನು ಅವನಿಗೆ ನೀನು, ಏಣಿ ಇಳಿದರೆ ನೀವು.

ಈಗ ವಿಷಯಕ್ಕೆ ಬರುತ್ತೇನೆ. ಶಾಡ್ರಕ್‌ನ ಹೆಂಡತಿ ಲುವೀನಾ ಗುಲಾಮಳು. ಅವಳ ಒಡತಿ, ಒಬ್ಬ ವಿಧವೆ, ಕ್ರಿಸ್‌ಮಸ್ ಹೊತ್ತಿಗೆ ತೀರಿಕೊಂಡಳು. ಆಸ್ತಿ ತಮ್ಮನ ಮಗ ಲೆವಿನ್ ವಿಕರ್ಸ್‌ಗೆ ಬಂತು. ಅವನು ಲುವೀನಾಳನ್ನು ಮಾರಲು ನಿಂತಿದ್ದಾನೆ. ಹಣ ಶಾಡ್ರಕ್ ಬಳಿ ಪೂರ್ತಿ ಇದೆ, ವರ್ಷಗಟ್ಟಲೆ ಕೂಡಿಟ್ಟದ್ದು. ತೊಡಕು ಹಣದ್ದಲ್ಲ. ಅವನ ಜೊತೆ ನಾನು ಲೆವಿನ್ ಮನೆಗೆ ಹೋಗಿದ್ದೆ.

'ಕಪ್ಪು ಮನುಷ್ಯನ ಹೆಸರಿಗೆ ಪತ್ರ ಮಾಡಿಕೊಟ್ರೆ ಊರಲ್ಲಿ ನನ್ನ ಮುಖ ನೋಡಿ ನಗ್ತಾರೆ' ಎಂದ ಲೆವಿನ್. 'ಬಿಳಿಯವರದು ಒಂದು ಹೆಸರು ತಗೊಂಡು ಬಾ ಅಂದೆ. ಹೋಗಿ ಹೋಗಿ ನಿಮ್ಮನ್ನ ಕರ್ಕೊಂಡು ಬಂದಿದ್ದಾನೆ.'

'ಲೆವಿನ್ ವಿಕರ್ಸ್, ನೀನು ಎಷ್ಟು ದಿನ ಕಾಯಬಲ್ಲೆ?' ಎಂದು ಕೇಳಿದೆ.

ಅವನ ಕಿವಿ ಕೆಂಪಾಯಿತು. 'ಗವರ್ನರ್ ಬಂದ್ರೂ ಹೀಗೇ ನೀನು ತಾನು ಅಂತೀರಾ?'

'ಅನ್ನುತ್ತೇನೆ. ಗವರ್ನರ್‌ಗೂ, ನಿನಗೂ, ಈ ಶಾಡ್ರಕ್‌ಗೂ ಒಂದೇ.'

ಅವನಿಗೆ ನಗು ಬಂತು. ಕೆಟ್ಟವನೇನಲ್ಲ, ಸೋಮಾರಿ. 'ವಸಂತದಲ್ಲಿ ಹೆರಿಂಗ್ ಮೀನು ಮೊಟ್ಟೆ ಇಡೋಕೆ ಹೊಳೆ ಹತ್ತಿ, ಇಳಿದು ಹೋಗೋ ತನಕ ಕಾಯ್ತೀನಿ. ಆಮೇಲೆ ಕೇಳಬೇಡಿ' ಎಂದ.

ಪತ್ರಕ್ಕೆ ನಾನು ಸಹಿ ಹಾಕಬೇಕು. ಅದೇ ಮೇಜಿನ ಮೇಲೆ, ಅದೇ ಮಸಿಯಲ್ಲಿ ಬಿಡುಗಡೆ ಪತ್ರಕ್ಕೂ ಸಹಿ ಹಾಕುತ್ತೇನೆ. ನಡುವಿನ ಅಷ್ಟು ಹೊತ್ತು ಲುವೀನಾ ನನ್ನ ಸೊತ್ತಾಗಿರುತ್ತಾಳೆ. ನಮ್ಮ ಪಂಥವಾದ ಸ್ನೇಹಿತರ ಸಭೆಯವರು ಒಂದು ಗಳಿಗೆಯೂ ಮನುಷ್ಯರನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಳ್ಳಬಾರದು ಎಂಬ ನಿಯಮ ನನಗೆ ಗೊತ್ತು. ಸಭೆಯೇ ಒಮ್ಮನಸ್ಸಿನಿಂದ ಅನುಮತಿ ಕೊಟ್ಟರೆ ಕೊಳ್ಳಬಹುದು ಎಂಬುದೂ ಗೊತ್ತು. ಬೇರೆ ಬಿಳಿಯರನ್ನು ಕೇಳು ಎಂದರೆ ಶಾಡ್ರಕ್ ತಲೆಯಾಡಿಸುತ್ತಾನೆ. ಇದೇ ಊರಿನ ಅಂಗಡಿಯವನೊಬ್ಬ ಹೀಗೇ ಒಬ್ಬನ ತಾಯಿಯನ್ನು ತನ್ನ ಹೆಸರಿಗೆ ಮಾಡಿಕೊಂಡು ಆಮೇಲೆ ಬಿಡಲೇ ಇಲ್ಲವಂತೆ. 'ನಿಮ್ಮವರು ಸುಳ್ಳು ಹೇಳಲ್ಲ ಅಂತಾರೆ' ಎಂದ. ಅದಕ್ಕೇ ನನ್ನ ಬಳಿ ಬಂದಿದ್ದಾನೆ.

ಸಭೆಯ ತೀರ್ಮಾನ ಬರೆಯುವ ಬರಹಗಾರ ನೀನು. ಮುಂದಿನ ತಿಂಗಳ ಸಭೆಯಲ್ಲಿ ಇದನ್ನು ಇಡು.

ನಿನ್ನ ಮಗಳು
ಟೇಸಿ

*

ಗಿರಣಿಮನೆ, ಪೆನ್ಸಿಲ್ವೇನಿಯಾ
ಮೂರನೇ ತಿಂಗಳ 11ನೇ ದಿನ, 1841

ಪ್ರೀತಿಯ ಟೇಸಿಗೆ,

ಇಲಿಯ ವಿಚಾರ ನಿನ್ನ ಅತ್ತೆಗೆ ಓದಿ ಹೇಳಿದೆ. 'ಆ ಇಲಿ ನನ್ನ ಹತ್ರ ಒಂದು ವಾರ ಇರಲಿ, ಅಕ್ಷರ ಕಲಿಸಿ ಕಳಿಸ್ತೀನಿ' ಎಂದಳು. ಈ ಕಣಿವೆಯಲ್ಲಿ ನನ್ನ ಅಕ್ಕನ ಕೈಯಲ್ಲಿ ಅಕ್ಷರ ಕಲಿಯದವರು ಯಾರಿದ್ದಾರೆ ಹೇಳು! ನಾನೂ ಕಲಿತೆ, ನೀನೂ ಕಲಿತೆ. ಮೊನ್ನೆ ಸಭೆಯಲ್ಲಿ ಕೂತಿದ್ದ ಬೋಳುತಲೆಗಳಲ್ಲಿ ಅರ್ಧಕ್ಕೆ ಅವಳು ಒಂದಲ್ಲ ಒಂದು ದಿನ ಕಿವಿ ಹಿಂಡಿದ್ದಾಳೆ.

ನಿನ್ನ ವಿಷಯ ಇಟ್ಟೆ. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಇರುವ ಹಲಗೆಗಳನ್ನು ಎತ್ತಿಸಿ ಎಲ್ಲರೂ ಕೂತೆವು. ನಿನ್ನ ಪತ್ರ ಓದಿ ಕೂತೆ. ಒಲೆಯಲ್ಲಿ ಒಂದು ಕೊರಡು ಮಗ್ಗುಲು ಬದಲಿಸಿತು. ಆಮೇಲೆ ಚರ್ಮ ಹದ ಮಾಡುವ ಅಬೈಜಾ ಎದ್ದು, 'ಇದು ಕೊಳ್ಳುವುದಲ್ಲ, ಬಿಡಿಸುವುದು. ನನಗೆ ಒಪ್ಪಿಗೆ' ಎಂದ. ಇನ್ನೊಬ್ಬರು, ಮತ್ತೊಬ್ಬರು. ನನ್ನ ಮನಸ್ಸು ಹಗುರಾಗಿ ಲೇಖನಿಗೆ ಕೈ ಹಾಕಿದ್ದೆ.

ಆಗ ಅಕ್ಕ ಎದ್ದಳು.

'ನಲವತ್ತು ವರ್ಷದಿಂದ ನಾನು ಕಬ್ಬಿನ ಸಕ್ಕರೆ ನಾಲಿಗೆ ಮೇಲೆ ಇಟ್ಟಿಲ್ಲ. ಹತ್ತಿ ಮೈಮೇಲೆ ಹಾಕಿಲ್ಲ' ಎಂದಳು. 'ಗುಲಾಮರ ದುಡಿತ ಅದರಲ್ಲಿದೆ ಅಂತ. ಈಗ ಗುಲಾಮಳನ್ನೇ ಕೊಂಡುಕೋ ಅಂತೀರಿ. ಮನುಷ್ಯರನ್ನ ಮಾರಬಹುದು ಅಂತ ಆ ಲೆವಿನ್ ಹೇಳ್ತಾನೆ. ಟೇಸಿ ಸಹಿ ಹಾಕಿದ ಗಳಿಗೇಲಿ, ಹೌದಪ್ಪ, ಮಾರಬಹುದು ಅಂತ ನಾವೆಲ್ಲ ಅವನ ಮಾತಿಗೆ ತಲೆಯಾಡಿಸಿದ ಹಾಗಾಗುತ್ತೆ. ಇದಕ್ಕೆ ನನ್ನ ಮನಸ್ಸು ಏಳಲ್ಲ.' ಕೂತಳು.

ಕೈ ಎತ್ತಿಸಿ ಎಣಿಸುವ ಜನ ನಾವಾಗಿದ್ದರೆ ಆ ದಿನವೇ ಮುಗಿಯುತ್ತಿತ್ತು. ಒಬ್ಬರ ಮನಸ್ಸು ಏಳದಿದ್ದರೂ ಬರಹಗಾರ ಬರೆಯುವಂತಿಲ್ಲ. ಮುಂದಿನ ತಿಂಗಳಿಗೆ ಇಡಲಾಗಿದೆ ಎಂದು ಬರೆದೆ. ಸಭೆಗೆ ಮುಖಮಾಡಿದ ಎದುರು ಬೆಂಚಿನಲ್ಲಿ ಗಂಡಸರ ಸಾಲಿನ ಕೊನೆಗೆ ನಾನು, ಹೆಂಗಸರ ಸಾಲಿನ ಮೊದಲಿಗೆ ಅವಳು, ನಾವಿಬ್ಬರು ಕೈ ಕುಲುಕಿದರೇ ಸಭೆ ಮುಗಿಯುವುದು. ಕುಲುಕಿದೆವು. ಅವಳ ಕೈ ಬೆಚ್ಚಗಿತ್ತು.

ಮನೆಗೆ ಬಂದು ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿದೆ: 'ಅಕ್ಕಾ, ಹೊಳೆಯಲ್ಲಿ ಮುಳುಗುವವಳ ಕೂದಲು ಹಿಡಿದು ಎಳೆಯೋಕೂ ಸಭೆಯನ್ನ ಕೇಳಬೇಕಾ?'

'ಸಭೇಲಿ ಕೇಳೋದನ್ನ ಅಡುಗೆಮನೇಲಿ ಕೇಳಬೇಡ, ಜೆಹು. ಮೊಟ್ಟೆ ತಣ್ಣಗಾಗ್ತಿದೆ.'

ಅವಳು ಹೇಳುವುದರಲ್ಲಿ ತಪ್ಪು ಎಲ್ಲಿದೆ ಎಂದು ನಾನು ಹುಡುಕುತ್ತಲೇ ಇದ್ದೇನೆ ಮಗಳೇ. ಸಿಗುತ್ತಿಲ್ಲ. ಅದೇ ನನ್ನ ಸಂಕಟ.

ನಿನ್ನ ಅಪ್ಪ
ಜೆಹು ಪೆನಕ್

*

ಚಾಪ್ಟ್ಯಾಂಕ್ ನದಿದಂಡೆ
ಮೂರನೇ ತಿಂಗಳ 28ನೇ ದಿನ, 1841

ಪ್ರೀತಿಯ ಅಪ್ಪನಿಗೆ,

ಲುವೀನಾ ನಿನ್ನೆ ಇಲ್ಲಿಗೆ ಬಂದಿದ್ದಳು. ಮೇಜಿನ ಹಾಸು ಹೊಲಿಸಿಕೊಂಡು ಬರಲು ಲೆವಿನ್ ನಮ್ಮ ಅಟ್ಟದ ಕೆಳಗಿನ ಅಂಗಡಿಗೆ ಕಳಿಸಿದ್ದನಂತೆ, ಆ ನೆಪದಲ್ಲಿ ಏಣಿ ಹತ್ತಿ ಬಂದಳು. ಎತ್ತರದ ಹೆಂಗಸು, ಅಗಲ ಭುಜ, ಅಟ್ಟದ ತೊಲೆಗೆ ತಲೆ ತಾಗಿಸಿಕೊಂಡು ತಾನೇ ನಕ್ಕಳು. ನಾನು ಅವಳನ್ನು ಕಂಡದ್ದು ಅದೇ ಮೊದಲು.

'ಮೇಷ್ಟ್ರಮ್ಮ, ನಿಮ್ಮ ಮಂದಿ ಬಾಯಿ ಬಿಡದೇ ಕೂತ್ಕೊಂಡೇ ಪ್ರಾರ್ಥನೆ ಮಾಡ್ತಾರಂತೆ, ನಿಜವಾ?'

'ನಿಜ.'

'ಪಾದ್ರಿ?'

'ಇಲ್ಲ.'

'ಹಾಡು?'

'ಅದೂ ಇಲ್ಲ.'

'ಅಯ್ಯೋ ದೇವರೇ! ನಮ್ಮ ಸಭೇಲಿ ಅಷ್ಟು ಹೊತ್ತು ಗಪ್‌ಚಿಪ್ ಕೂತ್ರೆ ಯಾರೋ ಸತ್ತಿದ್ದಾರೆ ಅಂತ ಜನ ಅಡುಗೆ ಮಾಡ್ಕೊಂಡು ಬಂದ್ಬಿಡ್ತಾರೆ.' ಮತ್ತೆ ನಕ್ಕಳು. ಆಮೇಲೆ, 'ಆ ಮೌನದೊಳಗೆ ನನ್ನ ವಿಷಯಾನೂ ಇತ್ತಾ?' ಎಂದಳು.

ನಾನು ಮುಚ್ಚಿಡಲಿಲ್ಲ. ಅತ್ತೆ ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಬಟ್ಟೆಯ ಗಂಟನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಯೋಚಿಸಿದಳು.

'ಆ ಅಜ್ಜಿ ಹೇಳೋದು ಸರಿ. ನನ್ನ ಯಾರೂ ಕೊಳ್ಳಬಾರದು' ಎಂದಳು. 'ಆದ್ರೆ ಮೇಷ್ಟ್ರಮ್ಮ, ನನ್ನ ಆಗ್ಲೇ ಎರಡು ಸಲ ಕೊಂಡಾಗಿದೆಯಲ್ಲ. ಮೂರನೇ ಸಲ ಬೇಡ ಅಂದ್ರೆ ಮೊದಲೆರಡು ಇಲ್ಲ ಅಂತ ಆಗಿಬಿಡುತ್ತಾ?'

ಇದನ್ನು ಅತ್ತೆಗೆ ಓದಿ ಹೇಳು. ಅಡುಗೆಮನೆಯಲ್ಲೇ ಓದು.

ಹೆರಿಂಗ್ ಮೀನು ಹೊಳೆ ಹತ್ತಲು ಶುರುವಾಗಿದೆ. ದಕ್ಷಿಣದಿಂದ ಬಂದ ಒಬ್ಬ ವ್ಯಾಪಾರಿ ಹೋಟೆಲಿನಲ್ಲಿ ಇಳಿದುಕೊಂಡಿದ್ದಾನೆ. ಒಳ್ಳೆಯ ಬೂಟು, ಮೆತ್ತಗಿನ ಮಾತು. ಅವನ ವ್ಯಾಪಾರ ಏನೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಈ ಊರಿನವರ ಮೌನಕ್ಕೂ ನಮ್ಮ ಮೌನಕ್ಕೂ ಏನು ವ್ಯತ್ಯಾಸ ಎಂದು ಈ ದಿನಗಳಲ್ಲಿ ಕೇಳಿಕೊಳ್ಳುತ್ತಿದ್ದೇನೆ.

ಮುಂದಿನ ಸಭೆಯಲ್ಲೂ ಆಗದಿದ್ದರೆ ನಾನು ಕಾಯುವುದಿಲ್ಲ. ಸಹಿ ಹಾಕಿಬಿಡುತ್ತೇನೆ.

ಟೇಸಿ

*

ಗಿರಣಿಮನೆ
ನಾಲ್ಕನೇ ತಿಂಗಳ 10ನೇ ದಿನ, 1841

ಪ್ರೀತಿಯ ಟೇಸಿಗೆ,

ಈ ಸಲವೂ ಆಗಲಿಲ್ಲ. ಅಕ್ಕ ಎದ್ದು, 'ನನಗೆ ಇನ್ನೂ ಬೆಳಕು ಕಾಣ್ತಿಲ್ಲ' ಎಂದಷ್ಟೇ ಹೇಳಿ ಕೂತಳು. ಮುಂದಿನ ತಿಂಗಳಿಗೆ ಇಡಲಾಗಿದೆ ಎಂದು ಮತ್ತೆ ಬರೆದೆ.

ಪತ್ರವನ್ನು ಹರಿದು ಒಲೆಗೆ ಹಾಕುವ ಮೊದಲು ಮುಂದಿನದನ್ನು ಓದು.

ಲುವೀನಾ ಹೇಳಿದ್ದನ್ನು ಸಭೆಯ ಮರುದಿನ ಅಡುಗೆಮನೆಯಲ್ಲೇ ಓದಿದೆ. ಸಭೆಗೆ ಮೊದಲೇ ಓದಬೇಕಿತ್ತು ಎನ್ನುತ್ತೀಯ. ಬರಹಗಾರ ಮನೆಯಲ್ಲಿ ಕೂತು ಒಬ್ಬರ ಮನಸ್ಸನ್ನು ತಳ್ಳಬಾರದು ಎಂದು ಕಲಿತವನು ನಾನು. ಅಕ್ಕ ಚಹಾದ ಬಟ್ಟಲು ಕೆಳಗಿಟ್ಟಳು. 'ಎರಡು ಸಲ ಅಂತಾಳಾ?' ಎಂದಳು. 'ಹೌದು' ಎಂದೆ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಮಗ್ಗದ ಮೇಲಿನ ಧೂಳು ಒರೆಸುತ್ತಿದ್ದಾಳೆ! ಅಮ್ಮನ ಕಾಲದ ಅಗಸೆನಾರಿನ ನೂಲು ಪೆಟ್ಟಿಗೆಯಲ್ಲಿತ್ತಲ್ಲ, ಅವಳು ಯಾರಿಗೂ ಮುಟ್ಟಗೊಡದ ನೂಲು, ಅದನ್ನು ಬಿಚ್ಚಿದ್ದಾಳೆ.

'ಏನಕ್ಕಾ ಇದು?'

'ಆ ಹೆಂಗಸಿಗೆ ಒಂದು ಉಡುಪು. ಅಲ್ಲಿ ಹತ್ತಿನೇ ಉಡಿಸಿರ್ತಾರೆ. ಅಳತೆ ಕಳಿಸೋಕೆ ಟೇಸಿಗೆ ಬರಿ.'

ಮಗಳೇ, ಅಕ್ಕನನ್ನು ನಾನು ಅರವತ್ತು ವರ್ಷದಿಂದ ಬಲ್ಲೆ. ಅವಳ ಬಾಯಿಗಿಂತ ಮೊದಲು ಅವಳ ಕೈ ಒಪ್ಪಿಕೊಳ್ಳುತ್ತದೆ. ನನ್ನ ಮದುವೆಗೂ ಹೀಗೇ ಆಗಿತ್ತು. ನಿನ್ನ ಅಮ್ಮ ನನಗೆ ತಕ್ಕವಳಲ್ಲ ಎಂದು ಆರು ತಿಂಗಳು ಮುಖ ಊದಿಸಿಕೊಂಡಿದ್ದವಳು ಒಂದು ದಿನ ಸುಮ್ಮನೆ ಹಾಸಿಗೆಯ ಹೊದಿಕೆ ಹೊಲಿಯಲು ಕೂತಳು. ಹೊದಿಕೆ ಮುಗಿದ ದಿನ, 'ಸರಿ, ಕರ್ಕೊಂಡು ಬಾ' ಎಂದಳು. ಐದನೇ ತಿಂಗಳ ಸಭೆಯಲ್ಲಿ ಅವಳು ದಾರಿ ಬಿಡುತ್ತಾಳೆ. ನನಗೆ ಖಂಡಿತ ಗೊತ್ತು.

ಇನ್ನೊಂದೇ ಸಭೆ. ಅಷ್ಟು ಕಾಯಿ.

ಸಹಿ ಹಾಕಿದರೆ ನಿನ್ನನ್ನು ಸಭೆಯಿಂದ ಹೊರಗಿಟ್ಟಿದೆ ಎಂದು ಬರೆಯಬೇಕಾದ ಕೈ ನನ್ನದು. ಬರೆಯುತ್ತೇನೆ. ಅದು ನಿನಗೂ ಗೊತ್ತು. ಸಭೆಯ ಮಾತಿನ ಮೇಲೆ ಆ ಊರು ನಿನ್ನ ಅಟ್ಟವನ್ನು ಸಹಿಸಿಕೊಂಡಿದೆ. ಸಭೆ ನಿನ್ನ ಕೈಬಿಟ್ಟ ಮರುದಿನ ಏಣಿ ತೆಗೆಯುತ್ತಾರೆ. ಸುರುಳಿಗಳ ಮೇಲಿಂದ ಉರುಳಿ ಬೀಳುವ ಆ ಮಕ್ಕಳನ್ನು ಆಮೇಲೆ ಯಾರು ಎತ್ತಿ ಕೂರಿಸುತ್ತಾರೆ?

ಅಳತೆ ಕಳಿಸು.

ನಿನ್ನ ಅಪ್ಪ
ಜೆಹು

*

ಚಾಪ್ಟ್ಯಾಂಕ್ ನದಿದಂಡೆ
ನಾಲ್ಕನೇ ತಿಂಗಳ 19ನೇ ದಿನ, 1841

ಪ್ರೀತಿಯ ಅಪ್ಪನಿಗೆ,

ಇದರ ಜೊತೆ ಒಂದು ದಾರವಿದೆ. ಮೂರು ಗಂಟು ಹಾಕಿದ್ದೇನೆ. ತುದಿಯಿಂದ ಮೊದಲ ಗಂಟಿನವರೆಗೆ ತೋಳು, ಎರಡನೆಯದರವರೆಗೆ ಎದೆಯ ಸುತ್ತು, ಕೊನೆಯದು ಎತ್ತರ.

ಲುವೀನಾಳನ್ನು ಮತ್ತೆ ಹೊರಗೆ ಬಿಡುತ್ತಿಲ್ಲ. ಅಳತೆ ಹೇಗೆ ತರುವುದು ಎಂದು ಶಾಡ್ರಕ್‌ನನ್ನು ಕೇಳಿದೆ. 'ಅದಕ್ಕೇನು, ನನಗೆ ಗೊತ್ತಿಲ್ವಾ' ಎಂದು ಅಟ್ಟದ ನಡುವೆ ನಿಂತುಕೊಂಡು ಗಾಳಿಯಲ್ಲಿ ಎರಡೂ ಕೈ ಬಳಸಿ ತೋರಿಸಿದ. 'ಇಷ್ಟು.' ಒಬ್ಬರನ್ನು ತಬ್ಬಿಕೊಂಡ ಹಾಗೆ, ಒಳಗೆ ಯಾರೂ ಇಲ್ಲ. 'ಅಲ್ಲಾಡಬೇಡ' ಎಂದು ಹೇಳಿ ಆ ಖಾಲಿ ಜಾಗದ ಸುತ್ತ ನಾನು ದಾರ ಹಿಡಿದೆ. ತೋಳಿಗೆ ತನ್ನ ತೋಳಿನ ಮೇಲೆ ಬೆರಳಿಟ್ಟು ತೋರಿಸಿದ: 'ಇಲ್ಲೀವರೆಗೂ ಬರುತ್ತೆ. ಅವಳ ಕೈ ಉದ್ದ ಮೇಷ್ಟ್ರಮ್ಮ. ಹಗ್ಗದ ಮೇಲೆ ಬಟ್ಟೆ ಹಾಕೋಕೆ ನನ್ನೇ ಬೈತಾಳೆ, ನೀನು ಕುಳ್ಳ ಅಂತ.' ಎತ್ತರಕ್ಕೆ ತನ್ನ ನೆತ್ತಿಯ ಮೇಲೆ ಎರಡು ಬೆರಳಿಟ್ಟು ತೋರಿಸಿದ. ಹುಡುಗರೆಲ್ಲ ನಗುತ್ತಿದ್ದರು. ಅವನೂ ನಕ್ಕ. 'ನಿನ್ನ ಅಜ್ಜಿ ಒಳ್ಳೆ ದರ್ಜಿನಾ?' ಎಂದು ಕೇಳಿದ.

'ನಮ್ಮ ಅತ್ತೆ. ಒಂದು ಹೊಲಿಗೆ ಸೊಟ್ಟಾದರೆ ಎಲ್ಲವನ್ನೂ ಬಿಚ್ಚುತ್ತಾಳೆ.'

'ಹಾಗಾದ್ರೆ ಬೇಗ ಶುರು ಮಾಡೋಕೆ ಹೇಳು.'

ಲೆವಿನ್‌ನ ಮನಸ್ಸು ತಿರುಗದಿರಲಿ ಎಂದು ಅವನು ಉಪ್ಪು ಹಾಕಿದ ಹೆರಿಂಗ್ ಒಂದು ಪೀಪಾಯಿ ಕೊಟ್ಟು ಬಂದಿದ್ದಾನೆ. ಮೀನು ಈಗ ಎಷ್ಟಿದೆ ಎಂದರೆ ಮಕ್ಕಳು ಲಂಗದಲ್ಲಿ ಹಿಡಿಯುತ್ತಾರೆ. ದಿನವೂ ಸಂಜೆ ನಾನು ದಂಡೆಗೆ ಹೋಗಿ ನೀರು ನೋಡಿ ಬರುತ್ತೇನೆ.

ನೀನು ಹೇಳಿದೆ ಎಂದು ಕಾಯುತ್ತಿದ್ದೇನೆ.

ಟೇಸಿ

*

ಗಿರಣಿಮನೆ
ಐದನೇ ತಿಂಗಳ 14ನೇ ದಿನ, 1841

ಪ್ರೀತಿಯ ನನ್ನ ಟೇಸಿಗೆ,

ಆಯಿತು! ನಿನ್ನೆ ಸಭೆಯಲ್ಲಿ ಆಯಿತು. ಈ ಪತ್ರ ಹೊತ್ತು ಬರುವ ಗಾಡಿಯ ಕುದುರೆಗೆ ನಾನೇ ಓಟ್ಸ್ ತಿನ್ನಿಸಿದ್ದೇನೆ, ಬೇಗ ಓಡಲಿ ಎಂದು.

ಅಕ್ಕ ಎದ್ದು ನಿಂತಳು. 'ನನ್ನ ಮನಸ್ಸು ಈಗಲೂ ಪೂರ್ತಿ ಎದ್ದಿಲ್ಲ. ಆದ್ರೆ ಅದು ಬಾಗಿಲಿಗೆ ಅಡ್ಡ ಕೂತಿದೆ ಅಂತ ಕಾಣ್ತು. ನಾನು ಪಕ್ಕಕ್ಕೆ ಸರೀತೀನಿ. ನೀವು ಹೋಗಿ' ಎಂದಳು. ಅಷ್ಟೇ. ಅಬೈಜಾ ಮೂಗು ಸೀಟಿದ ಸದ್ದು ಕುದುರೆಗಳಿಗೂ ಕೇಳಿಸಿರಬೇಕು. ನಾನು ಬರೆದು ಓದಿದೆ, ಎಲ್ಲರೂ ಒಪ್ಪಿದರು. ಅನುಮತಿಯ ನಕಲು ಇದರೊಳಗಿದೆ.

ಇದರ ಜೊತೆ ಕಳಿಸಿದ ಪೆಟ್ಟಿಗೆಯಲ್ಲಿ ಉಡುಪು ಇದೆ. ಅಕ್ಕ ಎರಡು ಸಲ ಬಿಚ್ಚಿ ಹೊಲಿದಳು. ತೋಳು ಇಷ್ಟುದ್ದ ಇರೋಕೆ ಸಾಧ್ಯವೇ ಇಲ್ಲ, ದಾರ ಹಿಗ್ಗಿರಬೇಕು ಎಂದು ವಾದ ಮಾಡಿದಳು. ನಾನು, ಅವಳ ಗಂಡ ತಬ್ಬಿ ಕೊಟ್ಟ ಅಳತೆ ಕಣಕ್ಕಾ ಅದು, ತಪ್ಪಾಗೋದು ಹೇಗೆ ಎಂದೆ. ಅಕ್ಕ ನಕ್ಕಳು. ನಮ್ಮ ಅಕ್ಕ! ಗುಂಡಿಗಳು ಅಕ್ರೋಟು ಮರದವು, ನಾನೇ ಕೆತ್ತಿದ್ದು.

ಅವರಿಬ್ಬರೂ ಇತ್ತ ಬರುವ ಮನಸ್ಸು ಮಾಡಿದರೆ ಗಿರಣಿಯ ಪಕ್ಕದ ಕೊಠಡಿ ಖಾಲಿ ಇದೆ ಎಂದು ಹೇಳು. ಹೊಳೆಯಲ್ಲಿ ಸಿಂಪಿ ಇಲ್ಲ, ನಿಜ. ಆದರೆ ಅಂಥ ಭುಜದವನಿಗೆ ಗಿರಣಿಯಲ್ಲಿ ಕೆಲಸ ಇದ್ದೇ ಇದೆ.

ಸಹಿ ಹಾಕು ಮಗಳೇ. ಎರಡಕ್ಕೂ ಹಾಕು.

ನಿನ್ನ ಅಪ್ಪ
ಜೆಹು

*

ಚಾಪ್ಟ್ಯಾಂಕ್ ನದಿದಂಡೆ
ಐದನೇ ತಿಂಗಳ 15ನೇ ದಿನ, 1841

ಅಪ್ಪ,

ಸಭೆಯಲ್ಲಿ ಏನಾಯಿತೆಂದು ನಿನ್ನಿಂದ ಇನ್ನೂ ಪತ್ರವಿಲ್ಲ. ಏನೇ ಆಗಿದ್ದರೂ ಸರಿ.

ಲುವೀನಾ ಹೋದಳು. ಲೆವಿನ್‌ನ ದೋಣಿಕಟ್ಟೆಯಿಂದಲೇ ಆ ವ್ಯಾಪಾರಿಯ ಜನ ಹಡಗು ಹತ್ತಿಸಿದರಂತೆ, ನಾಲ್ಕು ದಿನದ ಹಿಂದೆ, ಹಾಡಹಗಲು. ಹಾಯಿಯವನ ಹೆಂಡತಿ ಬಂದು ಹೇಳಿದಾಗ ನಾನು ಪಾಠ ಮಾಡುತ್ತಿದ್ದೆ. ಮಸಿ, ಲೇಖನಿ ಹಿಡಿದುಕೊಂಡೇ ಓಡಿದೆ. ಯಾಕೆ ಹಿಡಿದುಕೊಂಡೆನೋ.

ಲೆವಿನ್ ಜಗುಲಿಯ ಮೇಲೆ ಕೂತು ಬೂಟಿನ ಕೆಸರು ಕೆರೆಯುತ್ತಿದ್ದ.

'ಈಗ ಬಂದ್ರಾ? ಮೀನು ಇಳಿದು ವಾರವಾಯ್ತು.'

'ಒಂದು ಮಾತು ಹೇಳಿ ಕಳಿಸಬಹುದಿತ್ತು ನೀನು.'

'ಏನಂತ? ನಾನು ಹೇಳಿದ್ದಷ್ಟೂ ಕಾದೆ. ಮೇಲೆ ಒಂದು ವಾರ ಕಾದೆ. ಟರ್ಕಿ ಕೋಳಿನೂ ಅಷ್ಟರಲ್ಲಿ ಮರಿ ಮಾಡುತ್ತೆ, ನಿಮ್ಮ ಸಭೆ ಇನ್ನೂ ಕಾವು ಕೂತೇ ಇದೆ.' ಆಮೇಲೆ ತಲೆ ಎತ್ತದೆ, 'ಅವಳು ನಿಮಗೆ ಏನೋ ಹೇಳಿ ಅಂದ್ಲು. ನನಗೆ ಸರಿಯಾಗಿ ಕೇಳಿಸ್ಲಿಲ್ಲ' ಎಂದ.

ಅವನು ಮಾತಿಗೆ ತಪ್ಪಲಿಲ್ಲ ಅಪ್ಪ. ತಪ್ಪಿದ್ದರೆ ಬೈಯಬಹುದಿತ್ತು.

ಶಾಡ್ರಕ್ ಅವತ್ತು ನದಿಯ ಬಾಯಲ್ಲಿ ಬಲೆ ಎತ್ತುತ್ತಿದ್ದ. ಆ ಹಡಗು ಅವನ ದೋಣಿಯ ಪಕ್ಕದಲ್ಲೇ ಹೋಯಿತು. ಹಾಯಿ ಚೆನ್ನಾಗಿ ತುಂಬಿತ್ತು ಎನ್ನುತ್ತಾನೆ. ದೋಣಿಯವರೆಲ್ಲ ಮಾಡುವ ಹಾಗೆ ಟೋಪಿ ತೆಗೆದು ಬೀಸಿದನಂತೆ. ಅಲ್ಲಿಂದಲೂ ಯಾರೋ ಬೀಸಿದರಂತೆ. ಸಂಜೆ ದಂಡೆಗೆ ಬಂದ ಮೇಲೆ ತಿಳಿಯಿತು. ಆ ಗಳಿಗೆಯೇ ಬಾಲ್ಟಿಮೋರಿಗೆ ದೋಣಿ ಬಿಟ್ಟ. ನಿನ್ನೆ ವಾಪಸು ಬಂದ. ಅವರು ಅಲ್ಲಿ ನಿಲ್ಲದೆ ನ್ಯೂ ಆರ್ಲಿಯನ್ಸ್ ಕಡೆಗೆ ಹೋಗಿಬಿಟ್ಟಿದ್ದರು. ಕೊಂಡವನ ಹೆಸರೇನು ಎಂದು ಕೇಳಿದರೆ ಹಡಗುಕಟ್ಟೆಯಲ್ಲಿ ಅವನನ್ನೇ ಹಿಡಿಯಲು ಬಂದರಂತೆ.

ಮೀನು ಇಳಿದ ವಾರ ನಾನು ದಿನವೂ ದಂಡೆಗೆ ಹೋಗಿದ್ದೆ. ನೀರು ತಿಳಿಯಾದದ್ದನ್ನು ನೋಡಿದ್ದೆ. ವಾಪಸು ಬಂದು ಮಕ್ಕಳಿಗೆ ಭಾಗಾಕಾರ ಕಲಿಸಿದೆ.

ಟೇಸಿ

*

ಚಾಪ್ಟ್ಯಾಂಕ್ ನದಿದಂಡೆ
ಆರನೇ ತಿಂಗಳ 2ನೇ ದಿನ, 1841

ಅಪ್ಪ,

ಪೆಟ್ಟಿಗೆಯೂ ನಿನ್ನ ಪತ್ರವೂ ಬಂದವು. ಅಷ್ಟರಲ್ಲಿ ನನ್ನದು ನಿನಗೆ ತಲುಪಿರಬೇಕು. ನೀನು ಮತ್ತೆ ಬರೆದಿಲ್ಲ. ಬರೆಯಲಿಲ್ಲವೇಕೆ ಎಂದು ನಾನು ಕೇಳುವುದಿಲ್ಲ.

ಬಾಲ್ಟಿಮೋರಿನ ಸ್ನೇಹಿತರಿಗೂ, ದಕ್ಷಿಣಕ್ಕೆ ವ್ಯಾಪಾರವಿರುವ ಇಬ್ಬರಿಗೂ ಬರೆದಿದ್ದೇನೆ. ಎಲ್ಲರೂ ಒಳ್ಳೆಯ ಉತ್ತರ ಬರೆಯುತ್ತಾರೆ. ಲುವೀನಾ ಎಂಬ ಹೆಸರಷ್ಟೇ ಇದ್ದರೆ ಹುಡುಕುವುದು ಹೇಗೆ ಎಂದು ಕೇಳುತ್ತಾರೆ. ಅಲ್ಲಿ ಅವಳಿಗೆ ಬೇರೆ ಹೆಸರು ಇಟ್ಟಿರಬಹುದು ಎನ್ನುತ್ತಾರೆ.

ಉಡುಪನ್ನು ಬಚ್ಚಿಡಬಹುದಿತ್ತು. ಆದರೆ ಶಾಡ್ರಕ್ ಕೇಳಿದ. ಏಣಿ ಹತ್ತಿ ಬಂದು, ಟೋಪಿ ಕೈಯಲ್ಲಿ ಹಿಡಿದು, 'ಅದು ಬಂತಾ ಮೇಷ್ಟ್ರಮ್ಮ? ನಿಮ್ಮ ಅಜ್ಜಿ ಹೊಲಿದದ್ದು?' ಎಂದ. ಅಟ್ಟದ ಮೇಲೆ ನಿಂತು ನೀವು ಎಂದ.

ಪೆಟ್ಟಿಗೆ ತೆರೆದೆ. ಹಾಯಿಬಟ್ಟೆಯ ಮೇಲೆ ಅದನ್ನು ಹರಡಿ, ಸುಕ್ಕು ತೀಡಿ, ನಿನ್ನ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ ಉಡುಪಿನ ಭುಜ ಹಿಡಿದು ಎತ್ತಿ ಒಂದು ಸಲ ಅದರ ಸುತ್ತ ಎರಡೂ ಕೈ ಬಳಸಿದ.

'ಸರಿಯಾಗಿದೆ' ಎಂದ. 'ಒಂದು ಬೆರಳೂ ಆಚೀಚೆ ಇಲ್ಲ.'

ಮಡಿಸಿದ. ನನಗಿಂತ ಚೆನ್ನಾಗಿ ಮಡಿಸುತ್ತಾನೆ, ಹಾಯಿ ಮಡಿಸಿದ ಕೈ.

'ಇದನ್ನ ಆ ಅಜ್ಜಿಗೇ ಕಳಿಸಿ. ಉಟ್ಕೊಳ್ಳೋಕೆ ಹೇಳಿ.'

'ಶಾಡ್ರಕ್, ಅವಳು ಇಷ್ಟೇ ಇಷ್ಟು ಇದ್ದಾಳೆ. ಇದು ಅವಳಿಗೆ ಆಗುವುದಿಲ್ಲ.'

'ಗೊತ್ತು. ಅಳತೆ ನಂದೇ ಅಲ್ವಾ.'

ಸಿಟ್ಟಿನಿಂದ ಹೇಳಲಿಲ್ಲ. ಏಣಿ ಇಳಿದು ಹೋದ. ಆಮೇಲಿನ ಎರಡು ಮೊದಲ ದಿನಗಳಲ್ಲೂ ಪಾಠಕ್ಕೆ ಬರಲಿಲ್ಲ. ಅವನ ಹಲಗೆಯ ಮೇಲೆ ಅರ್ಧ ಬರೆದ ಹೆಸರಿದೆ, ಒರೆಸಿಲ್ಲ.

ಅವನು ಹೇಳಿದ ಮಾತಿಗೆ ನಾನು ಏನನ್ನೂ ಸೇರಿಸಿಲ್ಲ, ಏನನ್ನೂ ಬಿಟ್ಟಿಲ್ಲ. ಪೆಟ್ಟಿಗೆ ಕಳಿಸುತ್ತಿದ್ದೇನೆ. ಅತ್ತೆಗೆ ಕೊಡುವುದೂ ಬಿಡುವುದೂ ನಿನಗೆ ಸೇರಿದ್ದು.

ನಿನ್ನ ಮಗಳು
ಟೇಸಿ

*

ಗಿರಣಿಮನೆ
ಆರನೇ ತಿಂಗಳ 21ನೇ ದಿನ, 1841

ಪ್ರೀತಿಯ ಟೇಸಿಗೆ,

ಪೆಟ್ಟಿಗೆ ಬಂದ ದಿನ ಅದನ್ನು ಗಿರಣಿಯಲ್ಲೇ ಇಳಿಸಿಕೊಂಡು ಗೋದಿ ಚೀಲಗಳ ಹಿಂದೆ ಇಟ್ಟೆ. ಎರಡು ದಿನ ಅಲ್ಲೇ ಇತ್ತು. ಮೂರನೆಯ ದಿನ ಅಕ್ಕ, 'ಟೇಸಿಯಿಂದ ಏನಾದರೂ ಬಂತಾ?' ಎಂದು ಕೇಳಿದಳು. ಬಂದಿದೆ ಎಂದೆ. ಇನ್ನೇನು ಹೇಳಲಿ.

ನಿನ್ನ ಪತ್ರ ಓದಿ ಹೇಳಿದೆ. ಅವಳು ಮಗ್ಗದ ಮುಂದೆ ಕೂತಿದ್ದಳು, ಮಗ್ಗ ಖಾಲಿ.

'ಅವನು ಹೇಳಿದ್ದು ಅಷ್ಟೇನಾ?'

'ಅಷ್ಟೇ ಅಕ್ಕ.'

'ಉಟ್ಕೋ ಅಂತಾನೆ.'

'ಅಷ್ಟು ದುಃಖದಲ್ಲಿ ಹೇಳಿದ ಮಾತು. ನಿನ್ನನ್ನ ಯಾರೂ ಹಿಡಿದು ಕೇಳಲ್ಲ.'

'ನೀನು ಸುಮ್ಮನಿರು ಜೆಹು' ಎಂದಳು. ಗದರಿಸಲಿಲ್ಲ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ಹೀಗೆ ಹೇಳುತ್ತಿದ್ದಳು.

ನಿನ್ನೆ ಮೊದಲ ದಿನ. ಗಾಡಿ ಕಟ್ಟಿ ಕೂಗಿದೆ. ಅವಳು ಹೊರಗೆ ಬಂದಳು. ಅದನ್ನು ಉಟ್ಟಿದ್ದಳು. ಭುಜ ಮೊಣಕೈಗೆ ಇಳಿದಿತ್ತು. ಅಂಚು ನೆಲದ ಮೇಲೆ ಎಳೆಯುತ್ತಿತ್ತು, ಎರಡೂ ಕೈಯಲ್ಲಿ ಎತ್ತಿ ಹಿಡಿದು ಮೆಟ್ಟಿಲಿಳಿದಳು. ಒಂದು ಮಡಿಕೆಯನ್ನೂ ಒಳಕ್ಕೆ ಹೊಲಿದಿರಲಿಲ್ಲ. ಪಿನ್ನು ಹಾಕಿರಲಿಲ್ಲ. ಗಾಡಿ ಹತ್ತಿಸಲು ಹೋದೆ. ಬಟ್ಟೆಯೊಳಗೆ ಅವಳ ತೂಕ ಎಷ್ಟಿದೆ ಎಂದು ನನಗೆ ನಿನ್ನೆಯೇ ಗೊತ್ತಾದದ್ದು.

ಸಭಾಮನೆಯಲ್ಲಿ ಎಲ್ಲರೂ ನೋಡಿದರು. ಎಲ್ಲರಿಗೂ ವಿಷಯ ಗೊತ್ತು. ಅಬೈಜಾನ ಹೆಂಡತಿ ಎದ್ದು ಅವಳ ಬಳಿ ಬರಲು ಹೊರಟು ಅರ್ಧದಲ್ಲೇ ನಿಂತಳು. ಅಕ್ಕ ನಡುವಿನ ದಾರಿಯಲ್ಲಿ ಅಂಚು ಎಳೆದುಕೊಂಡು ಬಂದು ಎದುರು ಬೆಂಚು ಹತ್ತಿ ತನ್ನ ಜಾಗದಲ್ಲಿ, ನನ್ನ ಪಕ್ಕದಲ್ಲಿ ಕೂತಳು.

ಅಗಸೆನಾರಿನ ಹೊಸ ಬಟ್ಟೆಯ ವಾಸನೆ ಬರುತ್ತಿತ್ತು. ಕಿಟಕಿಯ ಬಿಸಿಲು ಗಂಡಸರ ಕಡೆಯಿಂದ ಹೆಂಗಸರ ಕಡೆಗೆ ಸರಿಯಿತು.

ಹೊತ್ತಾಯಿತು. ನಾನು ಕೈ ಚಾಚಿದೆ. ಅವಳೂ ಚಾಚಿದಳು. ಉಡುಪಿನ ತೋಳು ಬಂತು, ಕೈ ಕಾಣಲಿಲ್ಲ. ಬಟ್ಟೆಯ ಮೇಲೇ ತಡಕಿದೆ. ಒಳಗೆ ಎಲ್ಲೋ ಮೇಲೆ ಇತ್ತು ಅವಳ ಕೈ, ನನಗೆ ಸಿಗಲಿಲ್ಲ. ಅವಳು ತೋಳನ್ನು ಮೇಲಕ್ಕೆ ಎಳೆದುಕೊಳ್ಳಲಿಲ್ಲ. ನಾನು ಎಳೆಯಲಿಲ್ಲ. ಹಾಗೇ ಸ್ವಲ್ಪ ಹೊತ್ತು ಆ ಖಾಲಿ ಬಟ್ಟೆಯ ತುದಿ ಹಿಡಿದುಕೊಂಡಿದ್ದು, ಆಮೇಲೆ ಬಿಟ್ಟು, ಕೈಯನ್ನು ತೊಡೆಯ ಮೇಲಿಟ್ಟುಕೊಂಡೆ.

ಕೈ ಕುಲುಕದೆ ಸಭೆ ಮುಗಿಯಲಿಲ್ಲ ಟೇಸಿ. ಮಕ್ಕಳು ಸಹ ಏಳಲಿಲ್ಲ. ಹೊರಗೆ ಕುದುರೆಗಳು ನೊಣಕ್ಕೆ ಕಾಲು ಬಡಿಯುತ್ತಿದ್ದವು. ನಾವು ಕೂತೇ ಇದ್ದೆವು.

ನಿನ್ನ ಅಪ್ಪ
ಜೆಹು